ಮುಚ್ಚಿದ ಪೆಟ್ಟಿಗೆಯೊಳಗೆ ವೇಗ ಹುಡುಕುವುದು

ಕೇಳುಗರಿಗೆ ನಮಸ್ಕಾರ. ಒಂದು ಪೆಟ್ಟಿಗೆ ಅಂದುಕೊಳ್ಳಿ. ಕಿಟಕಿ ಇಲ್ಲ, ಕಿಂಡಿ ಇಲ್ಲ, ಹೊರಗಿನ ಸದ್ದೂ ಬರುವುದಿಲ್ಲ. ಒಳಗೆ ನೀವು, ಜೊತೆಗೆ ಯಾವ ಉಪಕರಣ ಬೇಕೋ ಅದೆಲ್ಲ. ಈಗ ಹೇಳಿ, ಪೆಟ್ಟಿಗೆ ಓಡುತ್ತಿದೆಯೋ, ನಿಂತಿದೆಯೋ?

ಗೆಲಿಲಿಯೊ 1632ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದ. ಹಡಗಿನ ಒಳಕೋಣೆಯಲ್ಲಿ ಚಿಟ್ಟೆಗಳು ಹಾರುತ್ತಿರಲಿ, ಬಟ್ಟಲಲ್ಲಿ ಮೀನು ಈಜುತ್ತಿರಲಿ, ಮೇಲಿನ ಬಾಟಲಿಯಿಂದ ನೀರು ತೊಟ್ಟಿಕ್ಕುತ್ತಿರಲಿ. ಹಡಗು ಅಲುಗಾಡದೆ ಒಂದೇ ವೇಗದಲ್ಲಿ ನೇರ ಹೋಗುತ್ತಿದ್ದರೆ ಎಲ್ಲವೂ ದಡದಲ್ಲಿ ನಿಂತಾಗ ಇದ್ದ ಹಾಗೇ ಇರುತ್ತದೆ.

ಸರಿ, ಮುಗಿಯಿತಲ್ಲ ಅನ್ನಬೇಡಿ. ನ್ಯೂಟನ್‌ಗೆ ಇದು ಚೆನ್ನಾಗಿ ಗೊತ್ತಿತ್ತು, ಆದರೂ ನಿರಪೇಕ್ಷ ಜಾಗ ಅಂತ ಒಂದಿದೆ, ಅಂದರೆ ಯಾವುದಕ್ಕೂ ಹೋಲಿಸದೆ ತಾನೇ ತಾನಾಗಿ ಇರುವ ಜಾಗ, ಅಂತ ನಂಬಿದ್ದ. 1687ರಲ್ಲಿ ಅವನು ಮುಂದಿಟ್ಟಿದ್ದು ಒಂದು ಬಕೆಟ್ ನೀರು. ಹಗ್ಗಕ್ಕೆ ಕಟ್ಟಿ, ಹುರಿ ಹಾಕಿ, ಬಿಡಿ. ಮೊದಲು ಬಕೆಟ್ ಮಾತ್ರ ತಿರುಗುತ್ತದೆ, ನೀರು ಮಟ್ಟಸವಾಗಿರುತ್ತದೆ. ಸ್ವಲ್ಪ ಹೊತ್ತಿಗೆ ನೀರೂ ಬಕೆಟ್ ಜೊತೆಗೇ ಸುತ್ತತೊಡಗುತ್ತದೆ. ಈಗ ಬಕೆಟ್ಟಿಗೆ ಹೋಲಿಸಿದರೆ ನೀರು ನಿಂತೇ ಇದೆ ಅಲ್ವಾ? ಆದರೂ ಅಂಚಿನಲ್ಲಿ ಮೇಲೇರಿ, ನಡುವೆ ಗುಳಿ ಬೀಳುತ್ತದೆ. ಹಾಗಾದರೆ ನೀರು ತಿರುಗುತ್ತಿರುವುದು ಬಕೆಟ್ಟಿಗೆ ಹೋಲಿಸಿ ಅಲ್ಲ, ಆ ನಿರಪೇಕ್ಷ ಜಾಗಕ್ಕೆ ಹೋಲಿಸಿ ಎಂಬುದು ಅವನ ವಾದ.

ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ನೇರ ಓಟ ಬೇರೆ, ತಿರುಗುವುದು ಬೇರೆ. ತಿರುಗುವುದನ್ನು ಒಳಗಿನಿಂದಲೇ ಹಿಡಿಯಬಹುದು. 1851ರಲ್ಲಿ ಪ್ಯಾರಿಸ್ಸಿನಲ್ಲಿ ಫುಕೋ ಒಂದು ಉದ್ದನೆಯ ಲೋಲಕ ತೂಗುಬಿಟ್ಟು, ಭೂಮಿ ತಿರುಗುವುದನ್ನು ಚಾವಣಿಯ ಕೆಳಗೇ, ಒಂದು ನಕ್ಷತ್ರವನ್ನೂ ನೋಡದೆ ತೋರಿಸಿದ. 1913ರಲ್ಲಿ ಸಾನ್ಯಾಕ್ ತಿರುಗುವ ಮೇಜಿನ ಮೇಲೆ ಎರಡು ಬೆಳಕಿನ ಕಿರಣಗಳನ್ನು ಎದುರುಬದುರು ದಿಕ್ಕಿನಲ್ಲಿ ಸುತ್ತು ಹಾಕಿಸಿದ. ಎರಡೂ ಒಂದೇ ಸಮಕ್ಕೆ ವಾಪಸ್ ಬರಲಿಲ್ಲ. ವಿಮಾನ ಎಷ್ಟು ತಿರುಗಿತೆಂದು ಅಳೆಯುವ ಲೇಸರ್ ಗೈರೊಸ್ಕೋಪ್ ಕೆಲಸ ಮಾಡುವುದೂ ಇದೇ ಸೂತ್ರದ ಮೇಲೆ.

ಹಾಗಾದರೆ ನೇರ ಓಟವನ್ನೂ ಬೆಳಕಿನಿಂದಲೇ ಹಿಡಿಯಬಹುದಲ್ಲ? ಹತ್ತೊಂಬತ್ತನೇ ಶತಮಾನದವರೂ ಹೀಗೇ ಯೋಚಿಸಿದರು. ಬೆಳಕು ಈಥರ್ ಎಂಬ ಮಾಧ್ಯಮದಲ್ಲಿ ಅಲೆಯಾಗಿ ಸಾಗುತ್ತದೆ, ಭೂಮಿ ಅದರೊಳಗೆ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತಿದೆ, ಅಂದಮೇಲೆ ಬೆಳಕಿನ ವೇಗ ದಿಕ್ಕಿನಿಂದ ದಿಕ್ಕಿಗೆ ಬದಲಾಗಲೇಬೇಕು ಎಂಬುದು ಅವರ ಲೆಕ್ಕ. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಅಳೆದು ನೋಡಿದರು. ಬೇರೆ ಬೇರೆ ದಿಕ್ಕಿಗೆ ಹೋಗಿ ಬಂದ ಎರಡು ಕಿರಣಗಳು ಸೇರಿದಾಗ ಮೂಡುವ ಬೆಳಕಿನ ಪಟ್ಟೆಗಳು 0.4 ಪಟ್ಟೆಯಷ್ಟು ಸರಿಯಬೇಕಿತ್ತು, ಅದರ ಹತ್ತಿರಕ್ಕೂ ಹೋಗಲಿಲ್ಲ. ಬೆಳಕಿನ ವೇಗ ಎಲ್ಲರಿಗೂ ಒಂದೇ, ಈಥರ್ ಬೇಕಾಗೇ ಇಲ್ಲ ಅಂತ 1905ರಲ್ಲಿ ಐನ್‌ಸ್ಟೈನ್ ಹೇಳಿದ.

ಇಷ್ಟಾದರೂ ಒಂದು ಉಪಾಯ ಮತ್ತೆ ಮತ್ತೆ ಹುಟ್ಟುತ್ತಲೇ ಇರುತ್ತದೆ, ನಾನೂ ಒಮ್ಮೆ ಅದಕ್ಕೆ ಮರುಳಾಗಿದ್ದೆ. ಪೆಟ್ಟಿಗೆಯ ಸರಿ ನಡುವೆ ಒಂದು ದೀಪ ಮಿಂಚಿಸಿ. ಪೆಟ್ಟಿಗೆ ಮುಂದೆ ಓಡುತ್ತಿದ್ದರೆ ಹಿಂದಿನ ಗೋಡೆ ಬೆಳಕಿಗೆ ಎದುರು ಬರುತ್ತದೆ, ಮುಂದಿನದು ದೂರ ಸರಿಯುತ್ತದೆ. ಯಾವ ಗೋಡೆಗೆ ಬೆಳಕು ಮೊದಲು ತಲುಪಿತು ಅಂತ ನೋಡಿದರೆ ಆಯಿತು. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಮೊದಲು ಅನ್ನಲು ಎರಡು ಗೋಡೆಗೂ ಒಂದೊಂದು ಗಡಿಯಾರ ಬೇಕು, ಅವೆರಡೂ ಒಂದೇ ಸಮಯ ತೋರಿಸಬೇಕು. ಹೊಂದಿಸುವುದು ಹೇಗೆ? ಬೆಳಕಿನ ಸಂಕೇತ ಕಳಿಸಿ ಹೊಂದಿಸಿದರೆ, ಎರಡೂ ಕಡೆ ಬೆಳಕಿನ ವೇಗ ಒಂದೇ ಅಂತ ಮೊದಲೇ ಒಪ್ಪಿಕೊಂಡ ಹಾಗಾಯಿತು. ನಡುವೆ ಹೊಂದಿಸಿ ನಿಧಾನವಾಗಿ ಗೋಡೆಗೆ ಒಯ್ದರೆ, ಚಲಿಸುವ ಗಡಿಯಾರದ ನಡೆ ಬದಲಾಗುತ್ತದೆ, ನೀವು ಹುಡುಕುತ್ತಿದ್ದ ವ್ಯತ್ಯಾಸ ಎಷ್ಟೋ ಅಷ್ಟನ್ನೇ ಅದು ನುಂಗಿಹಾಕುತ್ತದೆ. ಕನ್ನಡಿ ಇಟ್ಟು ಬೆಳಕನ್ನು ವಾಪಸ್ ತರಿಸಿದರೆ ಒಂದೇ ಗಡಿಯಾರ ಸಾಕು, ನಿಜ, ಆದರೆ ಎರಡು ಕಡೆಯಿಂದಲೂ ಬೆಳಕು ಒಟ್ಟಿಗೇ ಬಂದು ಸೇರುತ್ತದೆ.

ವೇಗ ಬದಲಾದರೆ ಮಾತ್ರ ಗೊತ್ತಾಗುತ್ತದೆ, ಬೆನ್ನು ಸೀಟಿಗೆ ಒತ್ತುತ್ತದೆ. ಅದರಲ್ಲೂ ಒಂದು ತಕರಾರಿದೆ. ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣದ ದಿಕ್ಕು ಕ್ಷಣಕ್ಷಣವೂ ಬಾಗುತ್ತಿರುತ್ತದೆ, ಒಳಗಿನವರು ಮಾತ್ರ ಹಾಯಾಗಿ ತೇಲುತ್ತಿರುತ್ತಾರೆ. ಯಾಕೆಂದರೆ ಅವರೂ ನಿಲ್ದಾಣವೂ ಒಟ್ಟಿಗೇ ಬೀಳುತ್ತಿದ್ದಾರೆ.

ಇನ್ನು, ವಿಶ್ವದ ಆರಂಭ ಕಾಲದಿಂದ ಉಳಿದು, ಇಡೀ ಆಕಾಶದಿಂದ ಬರುವ ಆ ಹಳೆಯ ವಿಕಿರಣ ಇದೆಯಲ್ಲ, 1965ರಲ್ಲಿ ಪತ್ತೆಯ ಸುದ್ದಿ ಹೊರಬಿದ್ದದ್ದು, ಅದು ಒಂದು ದಿಕ್ಕಿನಲ್ಲಿ ಕೂದಲೆಳೆಯಷ್ಟು ಬಿಸಿ, ಎದುರು ದಿಕ್ಕಿನಲ್ಲಿ ಅಷ್ಟೇ ತಂಪು. ಅದಕ್ಕೆ ಹೋಲಿಸಿದರೆ ನಮ್ಮ ಸೌರಮಂಡಲ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ಓಡುತ್ತಿದೆ. ಸಿಕ್ಕಿತಲ್ಲ ನಿಜವಾದ ವೇಗ, ಅನ್ನುತ್ತಾರೆ ಕೆಲವರು. ಅಳತೆ ಸರಿಯಾದದ್ದೇ, ಆದರೆ ಅದು ಕಿಟಕಿ ತೆರೆದು ಮಾಡಿದ ಅಳತೆ. ನಮ್ಮ ಪೆಟ್ಟಿಗೆಗೆ ದಪ್ಪ ಲೋಹದ ಗೋಡೆ ಹಾಕಿದರೆ ಆ ವಿಕಿರಣ ಒಳಗೇ ಬರುವುದಿಲ್ಲ. ಆಮೇಲೆ ನಿಮ್ಮ ಥರ್ಮಾಮೀಟರ್ ಹೇಳುವುದು ಗೋಡೆ ಎಷ್ಟು ಬೆಚ್ಚಗಿದೆ ಎಂಬುದನ್ನು ಮಾತ್ರ.