ಯಾರ ಪ್ರಜೆಗಳೂ ಅಲ್ಲದವರು

ಕೇಳುಗರೇ, ನಮಸ್ಕಾರ.

2020ರ ಜೂನ್. ಇಂಡೋನೇಷ್ಯಾದ ಅಚೆ ಪ್ರಾಂತ್ಯದ ಕಡಲಲ್ಲಿ ಮ್ಯಾನ್ಮಾರಿನ ಮುಸ್ಲಿಂ ಅಲ್ಪಸಂಖ್ಯಾತರಾದ ರೋಹಿಂಗ್ಯಾಗಳು ಸುಮಾರು ನೂರು ಮಂದಿ ತುಂಬಿದ್ದ ದೋಣಿಯೊಂದು ನಿಂತಿತ್ತು. ಹೆಚ್ಚಿನವರು ಹೆಂಗಸರು, ಮಕ್ಕಳು. ಕೊರೋನಾ ಕಾಲ; ಇಳಿಸಿಕೊಳ್ಳಲು ಅಧಿಕಾರಿಗಳು ಹಿಂದೆಮುಂದೆ ನೋಡಿದರು. ದಡದಲ್ಲಿದ್ದ ಊರವರ ಸಹನೆ ಕೆಟ್ಟಿತು. ತಾವೇ ನೀರಿಗಿಳಿದು ಅವರನ್ನು ದಡ ಸೇರಿಸಿದರು. ಕಡಲಲ್ಲಿ ಕಷ್ಟಕ್ಕೆ ಸಿಕ್ಕವರನ್ನು ಕೈಬಿಡಬಾರದೆಂಬುದು ಅಲ್ಲಿನ ಮೀನುಗಾರರ ಹಳೆಯ ಕಟ್ಟಳೆ.

ಆ ಕಟ್ಟಳೆಯೊಂದನ್ನು ಬಿಟ್ಟರೆ ದೋಣಿಯಲ್ಲಿದ್ದವರ ಬೆನ್ನಿಗೆ ಬೇರೆ ಯಾವ ಆಸರೆಯಿತ್ತು? ನಿರಾಶ್ರಿತರಿಗೆ ರಕ್ಷಣೆ ಕೊಡಬೇಕೆನ್ನುವ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಇಂಡೋನೇಷ್ಯಾ ಸಹಿ ಹಾಕಿಲ್ಲ. ಮಲೇಷ್ಯಾ, ಥಾಯ್ಲೆಂಡ್, ಬಾಂಗ್ಲಾದೇಶ, ಭಾರತ ಕೂಡ ಹಾಕಿಲ್ಲ.

2017ರ ಆಗಸ್ಟ್‌ನಲ್ಲಿ ಮ್ಯಾನ್ಮಾರ್ ಸೇನೆಯ ದಾಳಿ ಶುರುವಾದ ಮೇಲೆ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿಬಂದರು. ತನಗೇ ನೂರು ತಾಪತ್ರಯವಿದ್ದ ಆ ದೇಶ ಬಾಗಿಲು ತೆರೆಯಿತು. ಅದು ಸಣ್ಣ ಮಾತಲ್ಲ. ಆದರೆ ಕಾಗದದಲ್ಲಿ ಅವರನ್ನು ನಿರಾಶ್ರಿತರೆಂದು ಬರೆಯಲಿಲ್ಲ. ‘ಬಲವಂತವಾಗಿ ಹೊರದಬ್ಬಿಸಿಕೊಂಡ ಮ್ಯಾನ್ಮಾರ್ ಪ್ರಜೆಗಳು’ ಎಂದು ಬರೆದರು. ತಮಾಷೆ ನೋಡಿ: ಇವರು ನಮ್ಮ ಪ್ರಜೆಗಳಲ್ಲವೆಂದು ಮ್ಯಾನ್ಮಾರ್ 1982ರ ಪೌರತ್ವ ಕಾನೂನಿನಲ್ಲೇ ಕೈತೊಳೆದುಕೊಂಡಿತ್ತು.

ಬರವಣಿಗೆಯಲ್ಲಿ ಏನಿದೆ ಎನ್ನುತ್ತೀರಾ? ಇವರ ಶಿಬಿರಗಳಿರುವ ಬಾಂಗ್ಲಾದೇಶದ ಕಾಕ್ಸ್ ಬಜಾರಿನ ಗುಡ್ಡಗಳನ್ನು ನೋಡಿದರೆ ತಿಳಿಯುತ್ತದೆ. ಇವರು ಇಂದಲ್ಲ ನಾಳೆ ಹೋಗುವವರು ಎಂಬುದು ಅಲ್ಲಿನ ಲೆಕ್ಕ. ಹಾಗಾಗಿ ಇಟ್ಟಿಗೆಯ ಮನೆ ಕಟ್ಟುವಂತಿಲ್ಲ. ಬಿದಿರಿನ ಗಳ, ಮೇಲೊಂದು ಟಾರ್ಪಾಲು. ಮಳೆಗಾಲ ಬಂದರೆ ಗುಡ್ಡ ಜರಿಯುತ್ತದೆ, ಬಿದಿರು ಕೊಳೆಯುತ್ತದೆ, ಮತ್ತೆ ಅದೇ ಬಿದಿರು ನೆಡಬೇಕು. ದುಡಿಯೋಣವೆಂದರೆ ಕಾನೂನು ಬಿಡದು. ಸುತ್ತ ಮುಳ್ಳುತಂತಿ. 2021ರ ಮಾರ್ಚ್‌ನಲ್ಲಿ ಬೆಂಕಿ ಬಿದ್ದು ಸಾವಿರಾರು ಗುಡಿಸಲುಗಳು ಉರಿದಾಗ, ಓಡಿದವರಿಗೆ ಅಡ್ಡ ಸಿಕ್ಕಿದ್ದು ಆ ತಂತಿಯೇ.

ಮಲೇಷ್ಯಾದಲ್ಲಿ ಹಲವರ ಜೇಬಿನಲ್ಲಿ ನಿರಾಶ್ರಿತರೆಂದು ಹೇಳುವ ವಿಶ್ವಸಂಸ್ಥೆಯ ಕಾರ್ಡು ಇರುತ್ತದೆ. ಆದರೆ ಕೆಲಸದ ಹಕ್ಕಿಲ್ಲ, ಮಕ್ಕಳಿಗೆ ಸರ್ಕಾರಿ ಶಾಲೆಯಿಲ್ಲ. ನಮ್ಮಲ್ಲೂ ನಿರಾಶ್ರಿತರಿಗೆಂದೇ ಒಂದು ಕಾನೂನಿಲ್ಲ. ಜಮ್ಮುವಿನಲ್ಲಿ ಹಿಡಿದಿಟ್ಟಿದ್ದ ರೋಹಿಂಗ್ಯಾಗಳ ಬಿಡುಗಡೆಗೆ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಿಯಮ ಪಾಲಿಸದೆ ಗಡೀಪಾರು ಮಾಡಬಾರದು ಎಂದಷ್ಟೇ ಹೇಳಿತು.

ಉಳಿದದ್ದು ಜನರ ಕರುಣೆ. ಮತ್ತೆ ಅಚೆಗೇ ಬರುತ್ತೇನೆ. 2023ರ ಕೊನೆಗೆ ದೋಣಿಗಳು ಒಂದರ ಹಿಂದೊಂದು ಬಂದವು. ಈ ಬಾರಿ ಕೆಲವು ಊರುಗಳವರು ದೋಣಿಯನ್ನೇ ಹಿಂದಕ್ಕೆ ತಳ್ಳಿದರು. ಡಿಸೆಂಬರಿನಲ್ಲಿ ಬಂಡಾ ಅಚೆ ಪಟ್ಟಣದಲ್ಲಿ ನೂರಾರು ವಿದ್ಯಾರ್ಥಿಗಳು ರೋಹಿಂಗ್ಯಾಗಳಿದ್ದ ಆಸರೆಯ ಕಟ್ಟಡಕ್ಕೆ ನುಗ್ಗಿದರು. ಹೆಂಗಸರು, ಮಕ್ಕಳು ನೆಲದ ಮೇಲೆ ಕುಳಿತು ಅಳುತ್ತಿದ್ದರು. ಅವರನ್ನು ಟ್ರಕ್ಕಿಗೆ ಹತ್ತಿಸಿ ಬೇರೊಂದು ಸರ್ಕಾರಿ ಕಟ್ಟಡಕ್ಕೆ ಸಾಗಿಸಿದರು.