ನದಿ ಇಲ್ಲದ ಊರಿನಲ್ಲಿ ಕಯಾಕ್ ತಾಲೀಮು

ಎಲ್ಲರಿಗೂ ನಮಸ್ಕಾರ. ಈ ವಿಡಿಯೋದಲ್ಲಿ ನೀರು ಜಾಸ್ತಿ, ಮಾತು ಕಡಿಮೆ ಇರಲಿ ಅಂದುಕೊಂಡಿದ್ದೆ. ಎಡಿಟ್ ಮಾಡಲು ಕೂತ ಮೇಲೆ ಉಲ್ಟಾ ಆಯಿತು. ಸಹಿಸಿಕೊಳ್ಳಿ.

ನಮ್ಮ ಕಯಾಕ್ (ಕಾಲು ಚಾಚಿ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ) ಕ್ಲಬ್ಬಿನವರು ತಯಾರಾಗುತ್ತಿರುವುದು ಕೇರಳದ ಚಾಲಿಯಾರ್ ನದಿಗೆ. ನಿಲಂಬೂರಿನಿಂದ ಹೊರಟು, ನದಿ ಸಮುದ್ರ ಸೇರುವ ಬೇಪೂರಿನ ತನಕ 68 ಕಿಲೋಮೀಟರ್, 3 ದಿನ ಹುಟ್ಟು ಹಾಕುವುದು. ದಾರಿಯಲ್ಲಿ ತೇಲುತ್ತಿರುವ ಪ್ಲಾಸ್ಟಿಕ್ಕನ್ನೂ ಎತ್ತಿಕೊಂಡು ಹೋಗಬೇಕು. ಅದನ್ನು ಸ್ಪರ್ಧೆ ಅನ್ನುವುದಕ್ಕಿಂತ ದೂರದ ಪ್ರಯಾಣ ಅನ್ನಬೇಕು. ಆದರೆ ನಮ್ಮಲ್ಲಿ ಎಲ್ಲರೂ ‘ರೇಸ್’ ಅಂತಲೇ ಹೇಳುತ್ತಾರೆ. ಭಾನುವಾರ ಬೆಳಗಿನ ಜಾವ ಹಾಸಿಗೆ ಬಿಟ್ಟು ಏಳಬೇಕಲ್ಲ, ಏನಾದರೂ ದೊಡ್ಡ ಹೆಸರು ಬೇಕು.

ಬೆಂಗಳೂರಿನಲ್ಲಿದ್ದುಕೊಂಡು ನದಿಗೆ ತಾಲೀಮಾ ಅಂತ ಕೇಳಿದವರೆಲ್ಲ ನಗುತ್ತಾರೆ. ನಗಲಿ ಬಿಡಿ. ಈ ಊರಿಗೆ ಹೇಳಿಕೊಳ್ಳುವಂಥ ನದಿ ಇಲ್ಲ. ವೃಷಭಾವತಿ ಇಲ್ಲೇ ಹುಟ್ಟುತ್ತದೆ ನಿಜ, ಆದರೆ ಕೊಳಚೆ ಹರಿಯುವ ಈಗಿನ ವೃಷಭಾವತಿಗೆ ಇಳಿಯುವ ಧೈರ್ಯ ನನಗಂತೂ ಇಲ್ಲ. ಇದ್ದದ್ದು ಕೆರೆಗಳು. ಧರ್ಮಾಂಬುಧಿ ಕೆರೆ ಇದ್ದ ಕಡೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಕ್ರೀಡೆ ಬಂತು, ನೀರು ಹೋಯಿತು.

ಹಾಗಾಗಿ ವಾರದ ಕೊನೆಗೆ ನಾವು ಮೈಸೂರು ರಸ್ತೆ ಹಿಡಿಯುತ್ತೇವೆ. ಈಗ ನಿಮಗೆ ಕಾಣುತ್ತಿರುವುದು ಚನ್ನಪಟ್ಟಣದ ಹತ್ತಿರದ ಕಣ್ವ ಜಲಾಶಯ. 1946ರಲ್ಲಿ ಕಟ್ಟಿದ್ದು. ಸುತ್ತ ಗುಡ್ಡ, ನಡುವೆ ಉದ್ದಕ್ಕೆ ಚಾಚಿಕೊಂಡ ನೀರು. ಇನ್ನೂ ಹತ್ತಿರಕ್ಕೆ ಮಂಚನಬೆಲೆ ಜಲಾಶಯ ಇದೆಯಲ್ಲ, ಅಲ್ಲಿಗೆ ಯಾಕೆ ಹೋಗಲ್ಲ ಅಂತ ಕೇಳಬಹುದು. ಅಲ್ಲಿ ತುಂಬಾ ಜನ ಮುಳುಗಿ ಸತ್ತಿದ್ದಾರೆ. ಮೇಲೆ ನೀರು ಸಪ್ಪಗೆ ಕಾಣುತ್ತದೆ, ಕೆಳಗೆ ಕೆಸರು ಕಾಲು ಹಿಡಿಯುತ್ತದೆ. ನೀವೂ ಅಷ್ಟೇ, ಅನುಮತಿ ಇಲ್ಲದ ಕಡೆ ಸುಮ್ನೆ ಇಳಿಯಬೇಡಿ. ಈಜು ಬಂದರೂ ಲೈಫ್ ಜಾಕೆಟ್ ಬಿಚ್ಚಬೇಡಿ.

ಈಗ ಅಸಲು ವಿಷಯ. ಕಯಾಕ್ ಅಂದರೆ ತೋಳಿನ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತೋಳನ್ನೇ ನಂಬಿದವರು ಮೂರು ಕಿಲೋಮೀಟರಿಗೆ ಸುಸ್ತು. ಈ ಕ್ಲಿಪ್ಪಿನಲ್ಲಿ ಹಳದಿ ಕಯಾಕಿನಲ್ಲಿರುವ ಅಕ್ಕನನ್ನು ನೋಡಿ. ಐವತ್ತು ದಾಟಿದೆ, ತೋಳು ನನ್ನದರ ಅರ್ಧ ಇದೆ. ನಮ್ಮೆಲ್ಲರಿಗಿಂತ ಮುಂದೆ ಇರುವುದು ಅವರೇ. ಅವರ ಮೊಣಕೈ ಹೆಚ್ಚು ಮಡಚುವುದೇ ಇಲ್ಲ. ಸೊಂಟದಿಂದ ಮೇಲಿನ ಮೈ ಪೂರ್ತಿ ತಿರುಗುತ್ತದೆ, ಹಗ್ಗ ಎಳೆದು ಮೊಸರು ಕಡೆಯುವ ಅಜ್ಜಿಯ ಹಾಗೆ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಬಲಗಡೆ ಹುಟ್ಟು ಹಾಕುವಾಗ ಬಲಗಾಲು ದೋಣಿಯೊಳಗೆ ಪಾದ ಊರಲು ಇರುವ ಆಸರೆಯನ್ನು ಒತ್ತುತ್ತದೆ. ಎಡಕ್ಕೆ ಎಡಗಾಲು. ಹುಟ್ಟಿನ ಅಲಗು ಪಾದದ ಹತ್ತಿರ ನೀರಿಗೆ ಇಳಿಯಬೇಕು, ಸೊಂಟದ ಹತ್ತಿರ ಬರುವಷ್ಟರಲ್ಲಿ ಹೊರಗೆ ಬರಬೇಕು. ಅದಕ್ಕಿಂತ ಹಿಂದಕ್ಕೆ ಎಳೆದರೆ ನೀರನ್ನು ಮೇಲಕ್ಕೆ ಎತ್ತಿದ ಹಾಗೆ, ದೋಣಿ ಮುಂದೆ ಹೋಗಲ್ಲ.

ಕೋಚ್ ಸರ್ ಸೈನ್ಯದಲ್ಲಿದ್ದವರು. ಜಾಸ್ತಿ ಬಯ್ಯಲ್ಲ. ಪಕ್ಕಕ್ಕೆ ಬಂದು, ನನ್ನ ಮೇಲಿನ ಕೈಯನ್ನು ನೋಡಿ, “ಬೆರಳು ಬಿಡಿ” ಅಂತಾರೆ ಅಷ್ಟೇ. ಅಂದರೆ ತಳ್ಳುವ ಕೈಯ ಬೆರಳು ಸಡಿಲ ಇರಬೇಕು. ಗಟ್ಟಿ ಹಿಡಿದರೆ ಮುಂಗೈ ಊದುತ್ತದೆ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಬೊಕ್ಕೆ ಏಳುತ್ತದೆ. ಕ್ಯಾಮೆರಾಗೆ ತೋರಿಸಿದ್ದೇನೆ, ನೋಡಿ. ಹಳೆಯ ಬೊಕ್ಕೆ ಒಣಗಿ ಹಳದಿಯಾಗಿದೆ, ಅದರ ಪಕ್ಕದಲ್ಲೇ ಹೊಸದು, ಒಳಗೆ ನೀರು ತುಂಬಿಕೊಂಡು. ಬಿಳಿ ಟೇಪ್ ಸುತ್ತಿದರೆ ಸ್ವಲ್ಪ ವಾಸಿ, ಆದರೆ ಒದ್ದೆಯಾದ ಮೇಲೆ ಅದೂ ಸುರುಳಿಯಾಗಿ ಮೇಲೇಳುತ್ತದೆ.

ಇಷ್ಟೆಲ್ಲಾ ಆದರೂ ನಿಜವಾಗಿ ಕಷ್ಟ ಕೊಡುವುದು ಕೂರುವುದು. ಲೆಕ್ಕ ಹಾಕಿ. ದಿನಕ್ಕೆ ಹತ್ತಿರಹತ್ತಿರ 23 ಕಿಲೋಮೀಟರ್. ಗಂಟೆಗೆ 5 ಕಿಲೋಮೀಟರ್ ಹೋದರೂ ನಾಲ್ಕೂವರೆ ಗಂಟೆ ಕಾಲು ಮುಂದೆ ಚಾಚಿ ಕೂತಿರಬೇಕು. ಮೊದಲು ತೊಡೆಯ ಹಿಂಭಾಗ ಎಳೆಯುತ್ತದೆ, ಆಮೇಲೆ ಪಾದ ಜೋಮು ಹಿಡಿಯುತ್ತದೆ, ಆಮೇಲೆ ಕುಂಡಿ ಇದೆಯೋ ಇಲ್ಲವೋ ಗೊತ್ತಾಗಲ್ಲ. ಅದಕ್ಕೇ ವಾರದ ದಿನಗಳಲ್ಲಿ ಮನೆಯಲ್ಲೇ ತಾಲೀಮು. ನೆಲದ ಮೇಲೆ ಕಾಲು ಚಾಚಿ, ಬೆನ್ನು ನೆಟ್ಟಗೆ ಇಟ್ಟು, ಕೈಯಲ್ಲಿ ಕೋಲು ಹಿಡಿದು ಅರ್ಧ ಗಂಟೆ ಮೈ ತಿರುಗಿಸುವುದು. ಅಮ್ಮ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, “ಜೇಡ ಹೊಡೆಯೋ ಕೋಲು ಎಲ್ಲಿ ಹೋಯ್ತು ಅಂತ ಹುಡುಕ್ತಿದ್ದೆ. ಹಾಗೇ ಮೂಲೆನೂ ಒಂದ್ಸಲ ಹೊಡೆದುಬಿಡೋ” ಅಂದರು.

ಮಗುಚುವ ಅಭ್ಯಾಸವನ್ನೂ ಮಾಡಿಸುತ್ತಾರೆ. ಸೊಂಟದ ಸುತ್ತ ನೀರು ಒಳಬರದ ಹಾಗೆ ರಬ್ಬರ್ ಅಂಚಿನ ಬಟ್ಟೆ ಹಾಕಿಕೊಂಡು, ಬೇಕೆಂದೇ ತಲೆಕೆಳಗಾಗುವುದು. ಕಣ್ಣೆದುರು ಹಸಿರು ಕತ್ತಲೆ, ಮೂಗಿಗೆ ನೀರು. ಆಗ ಗಾಬರಿಯಲ್ಲಿ ದೋಣಿಯನ್ನು ಒದೆಯಬಾರದು. ಮುಂದಕ್ಕೆ ಬಾಗಿ, ಕೈಯಿಂದ ಅಂಚನ್ನು ಸವರಿಕೊಂಡು ಹೋದರೆ ಒಂದು ಪಟ್ಟಿ ಸಿಗುತ್ತದೆ. ಅದನ್ನು ಮುಂದಕ್ಕೆ, ಮೇಲಕ್ಕೆ ಎಳೆದರೆ ಬಟ್ಟೆ ಬಿಚ್ಚಿಕೊಳ್ಳುತ್ತದೆ, ಮೈ ತಾನಾಗಿ ಹೊರಗೆ ಬರುತ್ತದೆ. ಎಲ್ಲಾ ಸೇರಿ ಕೆಲವೇ ಸೆಕೆಂಡು. ಒಳಗಿದ್ದಾಗ ಹಾಗೆ ಅನ್ನಿಸಲ್ಲ ಬಿಡಿ.

ನದಿ ಇಲ್ಲ ಅಂತ ಶುರುವಿನಲ್ಲಿ ನನಗೂ ಬೇಜಾರಿತ್ತು. ಈಗ ನನ್ನ ಅಭಿಪ್ರಾಯ ಬೇರೆ. ನದಿಯಲ್ಲಿ ಕೈ ನಿಲ್ಲಿಸಿದರೂ ಸೆಳೆತ ಒಂದಷ್ಟು ದೂರ ಕರೆದುಕೊಂಡು ಹೋಗುತ್ತದೆ. ಕೈಯಲ್ಲಿರುವ ವಾಚು ಅದನ್ನೂ ನಮ್ಮ ಲೆಕ್ಕಕ್ಕೇ ಬರೆಯುತ್ತದೆ. ಕಣ್ವದಲ್ಲಿ ಆ ಸೌಲಭ್ಯ ಇಲ್ಲ. ಹುಟ್ಟು ನಿಲ್ಲಿಸಿದರೆ ದೋಣಿ ನಿಂತಿತು. ಇಲ್ಲಿ ಹೋದ ಪ್ರತಿ ಕಿಲೋಮೀಟರೂ ನಮ್ಮದೇ. ಬಿಸಿಲು ಏರಿದ ಮೇಲೆ ಗಾಳಿ ಎದ್ದರಂತೂ ಇನ್ನೂ ಒಳ್ಳೆಯದು. ಕಯಾಕಿನ ಮೂತಿ ಗಾಳಿ ಬರುವ ಕಡೆಗೇ ತಿರುಗಲು ನೋಡುತ್ತದೆ, ಅದನ್ನು ತಡೆದು ಸಾಲು ಹಿಡಿದು ಹೋಗಬೇಕು. ಬೇಪೂರಿನ ಹತ್ತಿರ ಸಮುದ್ರದ ಉಬ್ಬರ ನದಿಯೊಳಕ್ಕೆ ನುಗ್ಗುವ ಹೊತ್ತಿಗೆ ನಾವು ಎದುರಾದರೆ ಹೀಗೇ ಇರುತ್ತದೆ ಅನ್ನುತ್ತಾರೆ ಸರ್. ಆಗ ಮುಂದಿನವರ ಹಿಂದೆ ಏಳುವ ಅಲೆಯ ಮೇಲೆ ನಮ್ಮ ದೋಣಿಯನ್ನು ಕೂರಿಸಿಕೊಂಡರೆ ಶ್ರಮ ಉಳಿಯುತ್ತದೆ. ಮುಂದೆ ಹೋಗುವವರು ಪಾಪ, ಆಗಾಗ ಬದಲಾಗಬೇಕು.

ಇಲ್ಲಿ ಹರಿಗೋಲಿನಲ್ಲಿ ಬರುತ್ತಿರುವ ಅಣ್ಣ ಮೀನು ಹಿಡಿಯುವವರು. ದುಂಡನೆಯ ಹರಿಗೋಲು, ಒಂದೇ ಹುಟ್ಟು, ಎದುರಿನ ನೀರನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾ ಗೀಟು ಎಳೆದಂತೆ ನೆಟ್ಟಗೆ ಹೋಗುತ್ತಾರೆ. ನಮ್ಮನ್ನು ನೋಡಿ, “ಬೆಳಗ್ಗಿಂದ ಸುತ್ತಾಕ್ತಾನೇ ಇದೀರ. ಬಲೆನೂ ಇಲ್ಲ, ಗಾಳನೂ ಇಲ್ಲ. ಏನ್ ಸಿಗ್ತದೆ ಸಾರ್?” ಅಂದರು. ಬೆನ್ನುನೋವು ಸಿಗುತ್ತೆ ಅಣ್ಣ ಅಂದೆ. ಅವರಿಗೆ ಇಂಗ್ಲೆಂಡಿನ ಡಿವೈಜಿಸ್–ವೆಸ್ಟ್‌ಮಿನ್‌ಸ್ಟರ್ ರೇಸಿನ ಬಗ್ಗೆ ಹೇಳಬೇಕಿತ್ತು. 201 ಕಿಲೋಮೀಟರ್, ಅದರಲ್ಲಿ 77 ಕಡೆ ನೀರಿನಿಂದ ಎದ್ದು ದೋಣಿಯನ್ನೇ ಹೊತ್ತುಕೊಂಡು ನಡೆಯಬೇಕು. ಕೇಳಿದ್ದರೆ ಇನ್ನೇನು ಅನ್ನುತ್ತಿದ್ದರೋ.

ತಿನ್ನುವ ವಿಷಯ ಬೇಗ ಹೇಳಿಬಿಡುತ್ತೇನೆ. ಅಂಗಡಿಯ ಎನರ್ಜಿ ಜೆಲ್ ನನಗೆ ಹಿಡಿಸಲಿಲ್ಲ. ಕಡಲೆಬೀಜದ ಚಿಕ್ಕಿ, ಬಾಳೆಹಣ್ಣು, ಉಪ್ಪು-ಸಕ್ಕರೆ ಹಾಕಿದ ನೀರು, ಸಾಕು. ವಾಪಸ್ ಬರುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿ, ಅದು ತಾಲೀಮಿನ ಭಾಗ ಅಂತಲೇ ಲೆಕ್ಕ.

ಸದ್ಯ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಜಗಳ ನಡೆಯುತ್ತಿರುವುದು ಹೊರಡುವ ಹೊತ್ತಿನ ಬಗ್ಗೆ. ಗುಂಡ್ಲುಪೇಟೆ, ಗೂಡಲೂರು, ನಾಡುಗಾಣಿ ಘಾಟಿ ಇಳಿದು ನಿಲಂಬೂರು ಸೇರಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್. ರಾತ್ರಿ 2ಕ್ಕೆ ಬಿಟ್ಟರೆ ಗೇಟು ತೆಗೆಯುವಷ್ಟರಲ್ಲಿ ಅಲ್ಲಿರುತ್ತೇವೆ ಅನ್ನುವುದು ನಮ್ಮ ವಾದ. ಹಳದಿ ಕಯಾಕಿನ ಅಕ್ಕ ಮಾತ್ರ ಒಪ್ಪುತ್ತಿಲ್ಲ. “ನಿದ್ದೆಗೆಟ್ಟು ಬಂದವರನ್ನ ನಾನು ಹಿಂದೆ ಅಲೆ ಮೇಲೆ ಕೂರಿಸ್ಕೊಳ್ಳಲ್ಲ” ಅಂದುಬಿಟ್ಟಿದ್ದಾರೆ. ಹಿಂದಿನ ದಿನ ಮಧ್ಯಾಹ್ನವೇ ಹೊರಡುವುದು ಅಂತ ಆಗುವ ಹಾಗೆ ಕಾಣುತ್ತಿದೆ. ಆಫೀಸಿಗೆ ಇನ್ನೊಂದು ರಜೆ ಕೇಳಬೇಕು.