ಒಳ್ಳೆಯವರು ನುಗ್ಗಿದ್ರೆ ಅದು ದಾಳಿ ಅಲ್ವಾ?

ನಮಸ್ಕಾರ ಎಲ್ರಿಗೂ. 1940ರ ಮೇ 10 ಅಂದ ತಕ್ಷಣ ಹಿಟ್ಲರ್ ಹಾಲೆಂಡ್, ಬೆಲ್ಜಿಯಂ, ಲಕ್ಸೆಂಬರ್ಗ್ ಮೇಲೆ ಬಿದ್ದ ದಿನ ಅಂತಾರೆ, ಚರ್ಚಿಲ್ ಪ್ರಧಾನಿ ಆಗಿದ್ದೂ ಅವತ್ತೇ. ಆದ್ರೆ ಅದೇ ದಿನ ಬೆಳಗಿನ ಜಾವ ಬ್ರಿಟಿಷರೂ ಒಂದು ತಟಸ್ಥ ದೇಶಕ್ಕೆ ನುಗ್ಗಿದ್ರು, ಉತ್ತರ ಅಟ್ಲಾಂಟಿಕ್‌ನ ದ್ವೀಪ ಐಸ್‌ಲ್ಯಾಂಡ್‌ಗೆ, ಅದರ ಮಾತು ಮಾತ್ರ ಯಾರೂ ಎತ್ತಲ್ಲ.

ಆಗ ಅಲ್ಲಿ ಇದ್ದಿದ್ದೇ ಸುಮಾರು 1,20,000 ಜನ. ಸೈನ್ಯನೇ ಇಲ್ಲ, ಒಂದಷ್ಟು ಪೊಲೀಸರು ಅಷ್ಟೇ. ರಾಜ ಡೆನ್ಮಾರ್ಕ್‌ನವನು, ಆ ಡೆನ್ಮಾರ್ಕ್ ಏಪ್ರಿಲ್ 9ಕ್ಕೇ ಜರ್ಮನ್ನರ ಪಾಲಾಗಿತ್ತು. ನಮ್ಮ ಕಡೆ ಸೇರ್ಕೊಳಿ ಅಂತ ಬ್ರಿಟನ್ ಕೇಳ್ತು, ಐಸ್‌ಲ್ಯಾಂಡಿನವರು ಬೇಡ, ನಾವು ತಟಸ್ಥವಾಗೇ ಇರ್ತೀವಿ ಅಂದ್ರು, ಸರಿ, 746 ಮರೀನ್‌ಗಳನ್ನ, ಅಂದ್ರೆ ನೌಕಾಪಡೆ ಸೈನಿಕರನ್ನ, ಹಡಗಿಗೆ ತುಂಬಿ ಕಳಿಸೇ ಬಿಟ್ರು. (1939ರಲ್ಲಿ ಭಾರತದವರಾದ ನಮ್ಮನ್ನ ಕೇಳದೇ ಯುದ್ಧಕ್ಕೆ ಎಳೆದವರೇ ತಾನೇ ಇವರು.) ಅರ್ಧಂಬರ್ಧ ಟ್ರೈನಿಂಗ್ ಆದ ಹುಡುಗರು, ಸಮುದ್ರದಲ್ಲಿ ವಾಂತಿ ಮಾಡ್ಕೊಂಡು ಹೋದ್ರು. ಗುಟ್ಟಾಗಿ ಇಳೀಬೇಕು ಅನ್ನೋದು ಪ್ಲಾನು, ಆದ್ರೆ ಮುಂಚೆನೇ ಹಾರಿಸಿದ ಇವರದೇ ಒಂದು ವಿಮಾನ ರಾಜಧಾನಿ ರೇಕ್ಯಾವಿಕ್ ಮೇಲೆ ಗುಂಯ್ ಅಂತ ಸುತ್ತಿ ಊರಿಗೇ ನಿದ್ದೆ ಕೆಡಿಸ್ತು. ಅಲ್ಲಿದ್ದ ಜರ್ಮನ್ ಸರ್ಕಾರದ ಪ್ರತಿನಿಧಿ, ಕಾನ್ಸುಲ್ ಗೆರ್ಲಾಕ್ ಮನೆಗೆ ಹೋದ್ರೆ ಸ್ನಾನದ ಟಬ್ಬಲ್ಲಿ ಕಾಗದಪತ್ರ ಉರೀತಿತ್ತು. ಇದು ತಟಸ್ಥ ದೇಶ ಅಂತ ಆ ಆಸಾಮಿ ಪ್ರತಿಭಟನೆ ಬೇರೆ ಮಾಡಿದ, ಡೆನ್ಮಾರ್ಕೂ ತಟಸ್ಥನೇ ಆಗಿತ್ತಲ್ವಾ ಅಂದ್ರು ಬ್ರಿಟಿಷರು. ಖಡಕ್ ಉತ್ತರನೇ, ಆದ್ರೆ ಅದು ಜರ್ಮನಿಗೆ ಕೊಟ್ಟ ಉತ್ತರ, ಡೆನ್ಮಾರ್ಕ್ ಮೇಲೆ ಬಿದ್ದಿದ್ದು ಐಸ್‌ಲ್ಯಾಂಡಿನವರಲ್ಲವಲ್ಲ.

ಒಂದೂ ಗುಂಡು ಹಾರಲಿಲ್ಲ, ಎಷ್ಟು ಸಭ್ಯವಾದ ದಾಳಿ ನೋಡಿ ಅಂತ ಹೇಳೋರಿದ್ದಾರೆ. ನನ್ನ ಪ್ರಕಾರ ಆ ಸಭ್ಯತೆ ಬ್ರಿಟನ್‌ದಲ್ಲ ಸ್ವಾಮಿ, ಐಸ್‌ಲ್ಯಾಂಡ್‌ದು. ಪ್ರಧಾನಿ ಹರ್ಮನ್ ಯೋನಾಸನ್ ಸರ್ಕಾರ ನಮ್ಮ ತಟಸ್ಥತೆ ಮುರಿದಿದ್ದೀರಿ, ಪರಿಹಾರ ಕೊಡಿ ಅಂತ ಬರವಣಿಗೆಯಲ್ಲಿ ಪ್ರತಿಭಟಿಸ್ತು, ಅದೇ ಸಂಜೆ ರೇಡಿಯೋದಲ್ಲಿ ಬಂದವರನ್ನ ಅತಿಥಿಗಳ ಥರ ನೋಡ್ಕೊಳಿ ಅಂತ ಜನಕ್ಕೆ ಹೇಳ್ತು. ಆಯುಧನೇ ಇಲ್ದಿರೋ ದೇಶ ಇದಕ್ಕಿಂತ ಜಾಣತನ ತೋರಿಸೋಕಾಗ್ತಿತ್ತಾ? ಒಬ್ಬನಂತೂ ಮರೀನ್ ಕೈಯಿಂದ ಬಂದೂಕು ಕಿತ್ಕೊಂಡು, ಅದರೊಳಗೆ ಸಿಗರೇಟ್ ತುರುಕಿ, ಹುಷಾರಪ್ಪ ಅಂತ ವಾಪಸ್ ಎಸೆದನಂತೆ!

ಅಟ್ಲಾಂಟಿಕ್ ಹಡಗು ದಾರಿ ಜರ್ಮನ್ನರ ಕೈಗೆ ಸಿಗಬಾರದಿತ್ತು, ಅದನ್ನ ನಾನೂ ಒಪ್ತೀನಿ. ಆಮೇಲೆ ಬ್ರಿಟಿಷ್ ಸೈನಿಕರು 25,000ದಷ್ಟಾದ್ರು, 1941ರ ಜುಲೈಯಿಂದ ಅಮೆರಿಕದವರು ಬಂದ್ರು, ರಸ್ತೆ, ಏರ್‌ಪೋರ್ಟ್ ಆಯ್ತು, ನಿರುದ್ಯೋಗ ಹೋಯ್ತು. ನೋಡಿ ಲಾಭನೇ ಆಯ್ತಲ್ಲ ಅನ್ನೋರು ಇಲ್ಲಿಗೇ ನಿಲ್ಲಿಸ್ತಾರೆ.

ಆದ್ರೆ ಸೈನಿಕರ ಜೊತೆ ಓಡಾಡಿದ ಹುಡುಗಿಯರ ಹಿಂದೆ ಐಸ್‌ಲ್ಯಾಂಡ್ ಪೊಲೀಸರೇ ಬಿದ್ರು, ನೂರಾರು ಹೆಂಗಸರ ಹೆಸರು ಪಟ್ಟಿ ಮಾಡಿದ್ರು, 1942ರಲ್ಲಿ ಕೆಲವು ಹದಿಹರೆಯದವರನ್ನ ಕ್ಲೆಪ್‌ಯಾರ್ನ್ಸ್‌ರೇಯ್ಕಿರ್ ಅನ್ನೋ ಕಡೆ ಒಂದು ಮನೆಯಲ್ಲಿ ಕೂಡಿ ಹಾಕಿದ್ರು. ಬಂದೂಕು ಹಿಡಿದು ಬಂದವನಿಗೆ ಏನೂ ಮಾಡೋಕಾಗಲ್ಲ, ಸಿಟ್ಟೆಲ್ಲಾ ಮನೆ ಹುಡುಗಿ ಮೇಲೆ. ಲಾಭದ ಲೆಕ್ಕ ಹೇಳೋರು ರಸ್ತೆ ಎಷ್ಟಾಯ್ತು ಅಂತ ಹೇಳ್ತಾರೆ, ಈ ಹುಡುಗಿಯರನ್ನ ಎಲ್ಲಿ ಬರ್ಕೊಂಡಿದ್ದಾರೋ ಅದನ್ನೂ ಒಂಚೂರು ಹೇಳ್ಲಿ.